ಬ್ರೇಕ್ ಒತ್ತಿದರೆ ಅಡಿಯಿಂದ ‘ಟಕ್’: ಫ್ರೇಮ್ ಬುಷ್ ಬದಲಿಸುವ ಕೆಲಸ

ಪ್ರಶ್ನೆ: ಶಿರಸಿಯಿಂದ ಕುಮಟೆಗೆ ವಾರಕ್ಕೆ ನಾಲ್ಕೈದು ಸಲ ಓಡಾಡುವ ಡೀಸೆಲ್ ಸೆಡಾನ್ ನನ್ನದು. 2013ರ ಗಾಡಿ, 1,30,000 ಕಿ.ಮೀ. ಓಡಿದೆ. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಒತ್ತಿದರೆ ಮುಂದಿನ ಅಡಿಭಾಗದಿಂದ ಒಂದೇ ಒಂದು ‘ಟಕ್’ ಶಬ್ದ. ರಿವರ್ಸ್ ತೆಗೆದು ನಿಲ್ಲಿಸಿದಾಗಲೂ ಹಾಗೆಯೇ. ನೇರ ರಸ್ತೆಯಲ್ಲಿ ಸ್ಟೀರಿಂಗ್ ಒಮ್ಮೆ ನಡುವೆ ನಿಲ್ಲುತ್ತದೆ, ಒಮ್ಮೆ ಸ್ವಲ್ಪ ಎಡಕ್ಕೆ ವಾಲುತ್ತದೆ. ಒಂದು ಗ್ಯಾರೇಜಿನವರು ಎಂಜಿನ್ ಮೌಂಟಿಂಗ್ ಅಂದರು, ಇನ್ನೊಬ್ಬರು ಎರಡೂ ಲೋವರ್ ಆರ್ಮ್ (ಚಕ್ರವನ್ನು ಅಡಿಯ ಫ್ರೇಮಿಗೆ ಜೋಡಿಸುವ ದಂಡ) ಬದಲಿಸಿದರು, ಶಬ್ದ ಹೋಗಲಿಲ್ಲ. ಈಗ ಮೂರನೆಯವರು ಸಸ್ಪೆನ್ಷನ್ ಫ್ರೇಮಿನ ಬುಷ್ (ನಡುವಿನ ರಬ್ಬರ್ ಮೆತ್ತೆ) ಹೋಗಿದೆ, ಫ್ರೇಮ್ ಇಳಿಸಬೇಕು ಅನ್ನುತ್ತಾರೆ. ಕಳೆದ ವರ್ಷ ಕ್ಲಚ್ ಹಾಕಿಸಿದ್ದೆ. ನಿಜಕ್ಕೂ ಫ್ರೇಮ್ ಬುಷ್ಷೇ? ನಮ್ಮೂರಲ್ಲೇ ಮಾಡಿಸಬಹುದೇ? ಅಲ್ಲಿಯವರೆಗೆ ಘಟ್ಟದಲ್ಲಿ ಓಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಕೊನೆಗೆ ಬಂದಿದೆ: ಕ್ಲಚ್. ಮುಂದಿನ ಚಕ್ರ ಎಳೆಯುವ ಬಹಳಷ್ಟು ಕಾರುಗಳಲ್ಲಿ ಗೇರ್‌ಬಾಕ್ಸ್ ಹೊರತೆಗೆಯಲು ಈ ಫ್ರೇಮನ್ನು, ಅಂದರೆ ಎಂಜಿನ್ನಿನ ಕೆಳಗೆ ಬಾಡಿಗೆ ಬೋಲ್ಟಾಗಿ ಲೋವರ್ ಆರ್ಮುಗಳನ್ನು ಹಿಡಿದಿರುವ ಉಕ್ಕಿನ ಚೌಕಟ್ಟನ್ನು, ಇಳಿಸಲೇಬೇಕು, ಇಲ್ಲವೇ ಒಂದು ಬದಿಯನ್ನಾದರೂ ಸಡಿಲಿಸಬೇಕು. ಹಾಗಾಗಿ ಬುಷ್ ಹೋಗಿದೆ ಎಂದು ತೀರ್ಮಾನಿಸುವ ಮೊದಲು, ಕ್ಲಚ್ ಕೆಲಸದಲ್ಲಿ ಬಿಚ್ಚಿದ ಫ್ರೇಮ್ ಬೋಲ್ಟುಗಳು ಸರಿಯಾಗಿ ಬಿಗಿಯಾಗಿವೆಯೇ ಎಂದು ನೋಡಿಸಿ. ಟಾರ್ಕ್ ವ್ರೆಂಚ್ (ಬಿಗಿತವನ್ನು ಅಳೆದು ಬಿಗಿಯುವ ಪಾನಾ) ಹಾಕಿ ಪರೀಕ್ಷಿಸಲು ಹತ್ತು ನಿಮಿಷ ಸಾಕು. ಬೋಲ್ಟಿನ ತಲೆಯ ಸುತ್ತ ಬಣ್ಣ ಕಿತ್ತು ಲೋಹ ಹೊಳೆಯುತ್ತಿದ್ದರೆ, ಅಥವಾ ವಾಷರಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಹೊಸದಾಗಿ ಉದುರಿದ್ದರೆ, ಅಲ್ಲಿ ಫ್ರೇಮ್ ಜರುಗುತ್ತಿದೆ. ಆ ಬೋಲ್ಟನ್ನು ಸುಮ್ಮನೆ ಬಿಗಿದು ಕಳಿಸಬಾರದು. ಅದನ್ನು ತೆಗೆದು ಮರೆ (ಬೋಲ್ಟಿನ ಸುತ್ತುಗೆರೆ, ಥ್ರೆಡ್) ನೋಡಬೇಕು, ಫ್ರೇಮನ್ನು ಸ್ವಸ್ಥಾನಕ್ಕೆ ತಂದು ಹೊಸ ಬೋಲ್ಟು ಹಾಕಬೇಕು. ಸಡಿಲವಾಗಿ ತಿಂಗಳುಗಟ್ಟಲೆ ಓಡಿದ ಬೋಲ್ಟು ಬಾಗಿರುತ್ತದೆ, ಇಲ್ಲವೇ ಸವೆದಿರುತ್ತದೆ.

ಯಾವ ಕಂಪನಿಯ, ಯಾವ ಮಾದರಿಯ ಕಾರು ಎಂದು ನೀವು ಬರೆದಿಲ್ಲ. ಅದು ಗೊತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು. ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಿನವಕ್ಕೆ ಫ್ರೇಮ್ ಮತ್ತು ಬಾಡಿಯ ನಡುವೆ ರಬ್ಬರೇ ಇರುವುದಿಲ್ಲ. ಉಕ್ಕಿನ ಫ್ರೇಮ್ ನೇರವಾಗಿ ಬಾಡಿಗೆ ಬೋಲ್ಟಾಗಿರುತ್ತದೆ, ರಬ್ಬರ್ ಬುಷ್ ಇರುವುದು ಲೋವರ್ ಆರ್ಮಿನಲ್ಲಿ ಮಾತ್ರ. ಅಂಥ ಗಾಡಿಯಲ್ಲಿ ‘ಫ್ರೇಮ್ ಬುಷ್’ ಅಂದರೆ ಸಾಮಾನ್ಯವಾಗಿ ಆರ್ಮಿನ ಹಿಂದಿನ ದೊಡ್ಡ ಬುಷ್ಷೇ. ದೊಡ್ಡ ಸೆಡಾನ್ ಮತ್ತು ಎಸ್‌ಯುವಿಗಳಲ್ಲಿ ಹಲವಕ್ಕೆ ಫ್ರೇಮಿನ ನಾಲ್ಕು ಅಥವಾ ಆರು ಕಡೆಗಳಲ್ಲಿ ಮುಷ್ಟಿಗಾತ್ರದ ರಬ್ಬರ್ ಬುಷ್ ಇರುತ್ತವೆ. ಎಂಜಿನ್ನಿನ ನಡುಕ, ರಸ್ತೆಯ ಗಡಗಡ ಕ್ಯಾಬಿನ್ನಿಗೆ ಬರದಂತೆ ತಡೆಯುವುದು ಅವುಗಳ ಕೆಲಸ. ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಫ್ರೇಮ್ ಬಾಡಿಗೆ ಸೇರುವ ಮೂಲೆಯಲ್ಲಿ ಟಾರ್ಚ್ ಹಿಡಿಯಿರಿ. ಬೋಲ್ಟಿನ ಸುತ್ತ ಕಪ್ಪು ರಬ್ಬರಿನ ಬಳೆ ಕಂಡರೆ ನಿಮ್ಮದು ಎರಡನೇ ಬಗೆ. ಉಕ್ಕಿಗೆ ಉಕ್ಕು ಕೂತಿದ್ದರೆ ಬದಲಿಸಲು ಅಲ್ಲಿ ಬುಷ್ಷೇ ಇಲ್ಲ, ಮೂರನೇ ಗ್ಯಾರೇಜಿನವರನ್ನು ‘ಯಾವುದು, ತೋರಿಸಿ’ ಎಂದು ಕೇಳಿ.

ಶಬ್ದ ಒಂದೇ ಸಲ ಬರುವುದಕ್ಕೆ ಕಾರಣವಿದೆ. ಎಕ್ಸಲರೇಟರ್ ಒತ್ತಿದಾಗ ಚಕ್ರ ಫ್ರೇಮನ್ನು ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ಒತ್ತಿದಾಗ ರಸ್ತೆ ಅದನ್ನು ಹಿಂದಕ್ಕೆ ದೂಡುತ್ತದೆ. ಬುಷ್ಷಿನ ರಬ್ಬರ್ ಒಳಗಿನ ತೋಳಿನಿಂದ (ಬೋಲ್ಟು ಹಾಯುವ ಲೋಹದ ಕೊಳವೆಯಿಂದ) ಕಿತ್ತುಬಂದಿದ್ದರೆ ಫ್ರೇಮ್ ಒಂದಿಷ್ಟು ಜಾರಿ ಲೋಹಕ್ಕೆ ಬಡಿದು ನಿಲ್ಲುತ್ತದೆ. ಬಲದ ದಿಕ್ಕು ಮತ್ತೆ ತಿರುಗುವವರೆಗೆ ಎರಡನೇ ಶಬ್ದ ಬರುವುದಿಲ್ಲ. ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ) ಕೂಡ ಬಹಳ ಕಾರುಗಳಲ್ಲಿ ಇದೇ ಫ್ರೇಮಿನ ಮೇಲೆ ಕೂತಿರುವುದರಿಂದ, ಫ್ರೇಮ್ ಅಡ್ಡಡ್ಡ ಜರುಗಿದರೆ ಸ್ಟೀರಿಂಗಿನ ನಡುಸ್ಥಾನವೂ ಜರುಗುತ್ತದೆ. ನಿಮ್ಮ ಎರಡು ಲಕ್ಷಣಗಳೂ ಇದಕ್ಕೆ ಹೊಂದುತ್ತವೆ. ಬರೀ ಶಬ್ದವಿದ್ದರೆ ಹತ್ತು ಕಾರಣ ಹೇಳಬಹುದಿತ್ತು. ಸ್ಟೀರಿಂಗ್ ಒಮ್ಮೆ ಹೀಗೆ, ಒಮ್ಮೆ ಹಾಗೆ ನಿಲ್ಲುವುದು ಫ್ರೇಮಿನ ಕಡೆಗೇ ಬೊಟ್ಟು ಮಾಡುತ್ತದೆ.

ಆದರೂ ಬೇರೆ ಸಂಶಯಗಳನ್ನು ಮೊದಲು ತೆಗೆದುಹಾಕಿ, ಎಲ್ಲವೂ ಅಗ್ಗದ ಪರೀಕ್ಷೆಗಳೇ. ಬ್ರೇಕ್ ಪ್ಯಾಡಿನ ಕ್ಲಿಪ್ ಹೋಗಿದ್ದರೂ ಮುಂದೆ ಹೋಗಿ ಬ್ರೇಕ್, ಹಿಂದೆ ಬಂದು ಬ್ರೇಕ್ ಹಾಕಿದಾಗ ‘ಟಕ್’ ಬರುತ್ತದೆ. ಆದರೆ ಅದು ಹಗುರವಾದ ಲೋಹದ ಸದ್ದು, ಚಕ್ರದ ಬಳಿಯಿಂದ ಬರುತ್ತದೆ, ಪಾದಕ್ಕೆ ಏನೂ ತಾಗುವುದಿಲ್ಲ. ಫ್ರೇಮಿನದು ದಪ್ಪ ಸದ್ದು, ಕಾಲಡಿಯ ತಗಡಿನಲ್ಲೇ ತಿಳಿಯುತ್ತದೆ. ಲಿಂಕ್ ರಾಡ್ (ಸ್ಟೆಬಿಲೈಸರ್ ಬಾರನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಸಣ್ಣ ಕಡ್ಡಿ) ಸವೆದಿದ್ದರೆ ನಿಧಾನಕ್ಕೆ ಹೊಂಡ ಹಾಯಿಸುವಾಗ ‘ಕಟಕಟ’ ಬರುತ್ತದೆ, ಬ್ರೇಕಿಗೂ ಅದಕ್ಕೂ ಸಂಬಂಧವಿಲ್ಲ. ಎರಡೂ ಲಿಂಕ್ ರಾಡ್ ಬಿಚ್ಚಿಟ್ಟು ಊರೊಳಗೆ ಮೆಲ್ಲಗೆ ಒಂದು ಸುತ್ತು ಬಂದರೆ ಅದು ಖಚಿತವಾಗುತ್ತದೆ. ಎಂಜಿನ್ ಮೌಂಟಿಂಗ್ ನೋಡಲು ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಹಿಡಿದು, ಮೊದಲ ಗೇರಿನಲ್ಲೂ ರಿವರ್ಸಿನಲ್ಲೂ ಕ್ಲಚ್ಚನ್ನು ಕಚ್ಚುವಷ್ಟು ಮಾತ್ರ ಬಿಡಿಸಿ. ಎಂಜಿನ್ ಜೋರಾಗಿ ಎದ್ದು ಕುಸಿದರೆ ಮೌಂಟಿಂಗ್ ಅಥವಾ ಕೆಳಗಿನ ಟಾರ್ಕ್ ರಾಡಿನ (ಎಂಜಿನ್ ಹೊರಳದಂತೆ ಫ್ರೇಮಿಗೆ ಹಿಡಿದಿಡುವ ದಂಡದ) ಬುಷ್ ಹೋಗಿದೆ. ನೋಡುವವರು ಪಕ್ಕಕ್ಕೆ ನಿಲ್ಲಬೇಕು, ಕಾರಿನ ಮುಂದೆಯೂ ಹಿಂದೆಯೂ ಯಾರೂ ಇರಕೂಡದು. ಬಾಲ್ ಜಾಯಿಂಟ್ (ಆರ್ಮ್ ಚಕ್ರಕ್ಕೆ ಸೇರುವ ಗುಂಡು ಕೀಲು) ಮತ್ತು ಟೈ ರಾಡ್ ಎಂಡ್ (ಸ್ಟೀರಿಂಗ್ ದಂಡ ಚಕ್ರಕ್ಕೆ ಸೇರುವ ಕೀಲು) ಎರಡರಲ್ಲೂ ಸಡಿಲ ಅಲುಗಾಟವಿಲ್ಲ ಎಂದು ನೋಡದೆ ಮುಂದಕ್ಕೆ ಹೋಗಬೇಡಿ.

ಕೊನೆಗೆ ಫ್ರೇಮ್. ಬೋಲ್ಟಿನ ಪಕ್ಕದಲ್ಲಿ ಫ್ರೇಮ್ ಮತ್ತು ಬಾಡಿಯ ನಡುವೆ ಉದ್ದನೆಯ ಟಾಮಿ ಬಾರ್ (ಕಬ್ಬಿಣದ ಸಲಾಕೆ) ಸೇರಿಸಿ, ಮರದ ತುಂಡು ಆಧಾರವಾಗಿಟ್ಟು, ಮೀಟಿ. ರಬ್ಬರ್ ಅಂದಮೇಲೆ ಒಂದೆರಡು ಮಿ.ಮೀ. ಬಾಗಿ ವಾಪಸು ಬರುವುದು ಸಹಜ. ತಡೆಯೇ ಇಲ್ಲದೆ ಜರುಗಿ ‘ಟಕ್’ ಅಂದರೆ ಬುಷ್ ಮುಗಿದಿದೆ. ಎಡ ಬಲ ಹೋಲಿಸಿ ನೋಡಿ, ಎರಡೂ ಒಂದೇ ದಿನ ಹಾಳಾಗುವುದು ಅಪರೂಪ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡ ಕೂಡಲೇ ಬದಲಿಸಲು ಹೇಳುವವರಿದ್ದಾರೆ. ಹತ್ತು ವರ್ಷದ ರಬ್ಬರಿಗೆ ಅದು ಸಹಜ. ನೋಡಬೇಕಾದದ್ದು ರಬ್ಬರ್ ಲೋಹದ ತೋಳಿನಿಂದ ಬೇರ್ಪಟ್ಟಿದೆಯೇ, ಒಳಗಿನ ತೋಳು ಒಂದು ಕಡೆಗೆ ವಾಲಿದೆಯೇ ಎಂದು. ದ್ರವ ತುಂಬಿದ ಬಗೆಯ ಬುಷ್ಷಾದರೆ ಅದರ ಕೆಳಗೆ ಜಿಡ್ಡಿನ ಕಲೆ ಇಳಿದಿರುತ್ತದೆ.

ಘಟ್ಟದಲ್ಲಿ ಓಡಿಸಬಹುದೇ? ಬುಷ್ ಹೋದರೂ ದೊಡ್ಡ ವಾಷರುಗಳು ಹಿಡಿದಿರುವುದರಿಂದ ಫ್ರೇಮ್ ಕಳಚಿ ಬೀಳುವುದಿಲ್ಲ. ಊರೊಳಗೆ, ಗ್ಯಾರೇಜಿನವರೆಗೆ, ನಿಧಾನಕ್ಕೆ ಓಡಿಸಬಹುದು. ಆದರೆ ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಪ್ರತಿ ತಿರುವಿನಲ್ಲೂ ಬ್ರೇಕ್ ಬೀಳುತ್ತದೆ, ಅದೇ ಹೊತ್ತಿಗೆ ಸ್ಟೀರಿಂಗ್ ತನ್ನಷ್ಟಕ್ಕೆ ಒಂದಿಷ್ಟು ತಿರುಗುತ್ತದೆ. ಮಳೆಯಲ್ಲಿ, ಎದುರಿಗೆ ಲಾರಿ ಬರುವಾಗ ಅಷ್ಟೇ ಸಾಕು. ದೇವಿಮನೆ ಇರಲಿ, ಅಂಕೋಲೆ ಕಡೆಯ ಅರಬೈಲ್ ಇರಲಿ, ಕೆಲಸ ಮುಗಿಯುವವರೆಗೆ ಬಸ್ಸಿನಲ್ಲಿ ಹೋಗಿ. ಬೋಲ್ಟು ಸಡಿಲವಿದ್ದರೆ, ಅಥವಾ ಬೋಲ್ಟಿನ ಸುತ್ತಲಿನ ತಗಡೇ ತುಕ್ಕು ತಿಂದು ತೆಳ್ಳಗಾಗಿದ್ದರೆ, ಗಾಡಿ ನಿಂತಲ್ಲಿಂದ ಕದಲಿಸಬೇಡಿ.

ಊರಲ್ಲೇ ಮಾಡಿಸಬಹುದೇ ಎಂಬುದಕ್ಕೆ ಉತ್ತರ ಊರಿನ ಹೆಸರಲ್ಲಿಲ್ಲ, ಗ್ಯಾರೇಜಿನ ಸಲಕರಣೆಯಲ್ಲಿದೆ. ಎರಡು ಕಂಬದ ಲಿಫ್ಟ್ ಅಥವಾ ಒಳ್ಳೆಯ ಪಿಟ್, ಗಟ್ಟಿ ಜಾಕ್ ಸ್ಟ್ಯಾಂಡುಗಳು, ಎಂಜಿನ್ನನ್ನು ಮೇಲಿನಿಂದ ಹಿಡಿದುಕೊಳ್ಳುವ ಅಡ್ಡ ಬಾರ್ ಮತ್ತು ಚೈನು, ಬುಷ್ ಎಳೆಯುವ ಪುಲ್ಲರ್ ಅಥವಾ ಹತ್ತಿರದಲ್ಲಿ ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿ, ಮತ್ತು ಟಾರ್ಕ್ ವ್ರೆಂಚ್ ಬೇಕು. ಕೊನೆಯದನ್ನು ಕೇಳಿದರೆ ‘ಕೈಲೇ ಅಂದಾಜು ಗೊತ್ತಾಗುತ್ತದೆ’ ಎಂಬ ಉತ್ತರ ಬಂದರೆ ಬೇರೆ ಗ್ಯಾರೇಜ್ ಹುಡುಕಿ. ಈ ಬೋಲ್ಟುಗಳ ಬಿಗಿತ ಹಲವು ಕಾರುಗಳಲ್ಲಿ 100ರಿಂದ 160 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಕೆಲವು ಕಾರುಗಳಲ್ಲಿ ಮೊದಲು ಒಂದು ಅಂಕಿಗೆ ಬಿಗಿದು, ಆಮೇಲೆ 90 ಡಿಗ್ರಿ ತಿರುಗಿಸಬೇಕೆಂದು ಇರುತ್ತದೆ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯನ್ನೇ ಹಿಡಿಯಿರಿ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಬೋಲ್ಟು ಒಮ್ಮೆ ಹಿಗ್ಗಿದ ಮೇಲೆ ಮತ್ತೆ ಬಳಕೆಗೆ ಬಾರದು.

ಸಾಮಾನು ಮೊದಲು, ಬಿಚ್ಚುವುದು ಆಮೇಲೆ. ಶಿರಸಿ, ಕಾರವಾರದ ಅಂಗಡಿಗಳು ಇಂಥ ಬುಷ್ಷನ್ನು ಕಪಾಟಿನಲ್ಲಿ ಇಟ್ಟಿರುವುದಿಲ್ಲ, ಹುಬ್ಬಳ್ಳಿಯಿಂದ ತರಿಸಿಕೊಡುತ್ತಾರೆ. ಫ್ರೇಮ್ ಇಳಿಸಿಟ್ಟುಕೊಂಡು ಪಾರ್ಸೆಲ್ ಕಾಯುವುದು ಯಾರಿಗೂ ಬೇಡ. ಚಾಸಿ ನಂಬರ್ ಕೊಟ್ಟು ಆರ್ಡರ್ ಮಾಡಿ. ಮುಂದಿನ ಜೊತೆ ಮತ್ತು ಹಿಂದಿನ ಜೊತೆ ನೋಡಲು ಒಂದೇ ಥರ ಇದ್ದರೂ ರಬ್ಬರಿನ ಗಡಸುತನ ಬೇರೆ ಇರಬಹುದು. ಕೆಲವಕ್ಕೆ ಮೇಲಿನ ಅರ್ಧ, ಕೆಳಗಿನ ಅರ್ಧ ಎಂದು ಎರಡು ತುಂಡು. ಒಂದೇ ಮೂಲೆ ಹಾಳಾಗಿದ್ದರೂ ಎಲ್ಲವನ್ನೂ ತರಿಸಿ. ಹೊಸ ಗಟ್ಟಿ ರಬ್ಬರಿನ ಪಕ್ಕ ಹಳೆಯ ಮೆತ್ತಗಿನದು ಉಳಿದರೆ ಫ್ರೇಮ್ ಓರೆಯಾಗಿ ಕೂತು, ಉಳಿದವು ಬೇಗ ಹರಿಯುತ್ತವೆ. ಬೋಲ್ಟು, ಮೇಲೆ ಕೆಳಗಿನ ಬಟ್ಟಲು ವಾಷರು, ಸ್ಟೀರಿಂಗ್ ಜಾಯಿಂಟಿನ ಬೋಲ್ಟು, ಸೈಲೆನ್ಸರ್ ಮುಂಭಾಗದ ಪೈಪ್ ಬಿಚ್ಚುವುದಿದ್ದರೆ ಅದರ ಗ್ಯಾಸ್ಕೆಟ್ ಕೂಡ ಪಟ್ಟಿಯಲ್ಲಿರಲಿ. ಕೆಲವು ಕಂಪನಿಗಳು ಬುಷ್ಷನ್ನು ಬಿಡಿಯಾಗಿ ಮಾರುವುದೇ ಇಲ್ಲ, ಇಡೀ ಫ್ರೇಮನ್ನೇ ಕೊಳ್ಳಬೇಕು. ಆಗ ಹೊರಗಿನ ಒಳ್ಳೆಯ ಬ್ರ್ಯಾಂಡಿನ ಬುಷ್ ಹಾಕುವುದರಲ್ಲಿ ತಪ್ಪಿಲ್ಲ. ಪಾಲಿಯುರಥೇನ್ ಬುಷ್ ‘ಲೈಫ್‌ಟೈಮ್’ ಎಂದು ಯಾರಾದರೂ ಹೊಗಳಿದರೆ ಮನೆಯ ಗಾಡಿಗೆ ಬೇಡ ಅನ್ನಿ. ಎಂಜಿನ್ನಿನ ನಡುಕವೆಲ್ಲ ಸೀಟಿಗೆ ಬರುತ್ತದೆ, ಡೀಸೆಲ್ಲಿನಲ್ಲಿ ಅದು ಇನ್ನೂ ಹೆಚ್ಚು.

ಕೆಲಸದ ಕಷ್ಟ ಇರುವುದು ರಬ್ಬರಿನಲ್ಲಿ ಅಲ್ಲ, ಬೋಲ್ಟಿನಲ್ಲಿ. ಅದರಲ್ಲೂ ನಮ್ಮ ಜಿಲ್ಲೆಯ ಗಾಡಿಗಳಲ್ಲಿ. ಕರಾವಳಿಯ ಉಪ್ಪುಗಾಳಿ ಒಂದೆಡೆ, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಇನ್ನೊಂದೆಡೆ, ಘಟ್ಟದ ಮೇಲೆ ನಾಲ್ಕು ತಿಂಗಳ ಮಳೆ ಮತ್ತು ತೋಟದ ದಾರಿಯ ಕೆಮ್ಮಣ್ಣು. ಬೋಲ್ಟಿನ ತಲೆ ಚೆನ್ನಾಗಿಯೇ ಕಾಣುತ್ತದೆ, ತುಕ್ಕು ಹಿಡಿದಿರುವುದು ಮೇಲೆ, ಬಾಡಿಯ ಪೆಟ್ಟಿಗೆಯೊಳಗೆ ಕೂತ ನಟ್ಟಿನಲ್ಲಿ. ಆ ನಟ್ಟು ಒಂದು ತಗಡಿನ ಪಂಜರದಲ್ಲಿ ವೆಲ್ಡಾಗಿರುತ್ತದೆ. ಇಂಪ್ಯಾಕ್ಟ್ ಗನ್ನಿನಿಂದ ಒಮ್ಮೆಲೇ ಹೊಡೆದರೆ ಬೋಲ್ಟು ಮುರಿಯುತ್ತದೆ, ಇಲ್ಲವೇ ಪಂಜರವೇ ಕಿತ್ತು ನಟ್ಟು ಒಳಗೆ ತಿರುಗತೊಡಗುತ್ತದೆ. ಆಮೇಲೆ ಮ್ಯಾಟ್ ಎತ್ತಿ, ನೆಲದ ತಗಡನ್ನು ಕತ್ತರಿಸಿ, ನಟ್ಟು ಹಿಡಿದು, ಮತ್ತೆ ವೆಲ್ಡ್ ಮಾಡಿ ಮುಚ್ಚಬೇಕು. ಕೆಲವು ಗಂಟೆಗಳ ಕೆಲಸ ಎರಡು ದಿನಕ್ಕೆ ಹೋಗುವುದು ಹೀಗೆ.

ಆದ್ದರಿಂದ ಬಿಚ್ಚುವ ಎರಡು ದಿನ ಮೊದಲಿನಿಂದಲೇ, ಬೆಳಿಗ್ಗೆ ಸಂಜೆ, ಮರೆಯಲ್ಲಿ ಇಳಿಯುವ ಆಯಿಲ್ ಸ್ಪ್ರೇ ಹಾಕುತ್ತಿರಬೇಕು. ತಲೆಗೆ ಸ್ಪ್ರೇ ಹೊಡೆದರೆ ಏನೂ ಪ್ರಯೋಜನವಿಲ್ಲ. ಪೆಟ್ಟಿಗೆಯ ಬದಿಯಲ್ಲಿ ಸಾಮಾನ್ಯವಾಗಿ ಒಂದು ರಂಧ್ರವಿರುತ್ತದೆ, ಸ್ಪ್ರೇಯ ಸಣ್ಣ ನಳಿಕೆಯನ್ನು ಅದರೊಳಗೆ ತೂರಿಸಿ ನಟ್ಟಿನ ಮೇಲ್ಗಡೆಗೆ ತಾಗಿಸಬೇಕು. ನಟ್ಟಿನಿಂದ ಹೊರಬಂದ ಮರೆ ಇದ್ದರೆ ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ. ಬಿಚ್ಚುವಾಗ ಉದ್ದ ಹಿಡಿಕೆಯ ಬ್ರೇಕರ್ ಬಾರ್, ಆರು ಮೂಲೆಯ ಸಾಕೆಟ್ ಬಳಸಬೇಕು. ತಲೆ ಹೆಚ್ಚಾಗಿ 17, 19 ಅಥವಾ 21 ಮಿ.ಮೀ. ಇರುತ್ತದೆ. ಕಾಲು ಸುತ್ತು ಬಿಡಿಸಿ, ಅಷ್ಟೇ ವಾಪಸು ಬಿಗಿ, ಮತ್ತೆ ಸ್ಪ್ರೇ, ಮತ್ತೆ ಅರ್ಧ ಸುತ್ತು. ತುಕ್ಕಿನ ಪುಡಿ ಹೊರಬರಲು ಜಾಗ ಕೊಡಬೇಕು, ಅವಸರ ಮಾಡಿದರೆ ಪುಡಿಯೇ ಮರೆಯನ್ನು ಕಚ್ಚಿಹಿಡಿಯುತ್ತದೆ. ಗ್ಯಾಸ್ ಜ್ವಾಲೆ ಹಿಡಿಯಲು ಹೊರಟರೆ ತಡೆಯಿರಿ. ಅಲ್ಲೇ ಪಕ್ಕದಲ್ಲಿ ಡೀಸೆಲ್ ಪೈಪು, ಬ್ರೇಕ್ ಪೈಪು ಹಾದಿರುತ್ತವೆ, ಪೆಟ್ಟಿಗೆಯೊಳಗೆ ಮೇಣ ಬಳಿದಿರುತ್ತದೆ. ಜ್ವಾಲೆಯಿಲ್ಲದ ಇಂಡಕ್ಷನ್ ಹೀಟರ್ ಇದ್ದರೆ ಸರಿ.

ಇಳಿಸುವ ಮೊದಲು ಮೂರು ಕೆಲಸ ಆಗಿರಲೇಬೇಕು. ಒಂದು, ಸಮತಟ್ಟಿನಲ್ಲಿ ನಿಂತ ಗಾಡಿಯ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ ಟೇಪಿನಿಂದ ಅಳೆದು, ಎರಡೂ ಬದಿ ಬರೆದಿಡುವುದು. ಇದರ ಉಪಯೋಗ ಕೊನೆಗೆ. ಎರಡು, ಫ್ರೇಮ್ ಬಾಡಿಗೆ ತಾಗುವ ಕಡೆಗಳಲ್ಲೆಲ್ಲ ಪೇಂಟ್ ಮಾರ್ಕರಿನಿಂದ ಗೆರೆ ಎಳೆಯುವುದು. ಬೋಲ್ಟಿನ ರಂಧ್ರಗಳು ಬೋಲ್ಟಿಗಿಂತ ದೊಡ್ಡದಾಗಿರುವುದರಿಂದ ಫ್ರೇಮ್ ಕೆಲವು ಮಿ.ಮೀ. ಅತ್ತಿತ್ತ ಕೂರಬಲ್ಲದು, ಅಷ್ಟಕ್ಕೇ ಎಡ ಬಲದ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲುವ ಕೋನ) ಬೇರೆಯಾಗುತ್ತದೆ. ಕೆಲವು ಫ್ರೇಮುಗಳಲ್ಲಿ ಪಿನ್ ತೂರಿಸಿ ಜೋಡಿಸುವ ರಂಧ್ರ ಕಂಪನಿಯೇ ಕೊಟ್ಟಿರುತ್ತದೆ. ನಿಮ್ಮದರಲ್ಲಿ ಕ್ಲಚ್ ಕೆಲಸದ ಹೊತ್ತಿಗೇ ಫ್ರೇಮ್ ತಪ್ಪಿ ಕೂತಿದ್ದರೆ ಈಗಿನ ಗೆರೆ ತಪ್ಪಿನ ಗೆರೆಯೇ, ಆದ್ದರಿಂದ ಪಿನ್ ರಂಧ್ರವೋ ಮ್ಯಾನ್ಯುಯಲ್ಲಿನ ಅಳತೆಯೋ ಇದ್ದರೆ ಅದನ್ನೇ ನಂಬಿ. ಮೂರು, ಸ್ಟೀರಿಂಗನ್ನು ನೇರ ಮಾಡಿ ಲಾಕ್ ಮಾಡಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಳ್ಳುವುದು. ಕೆಳಗೆ ಸ್ಟೀರಿಂಗ್ ಜಾಯಿಂಟ್ ಬಿಚ್ಚಿದ ಮೇಲೆ ಯಾರಾದರೂ ಮೇಲೆ ಸ್ಟೀರಿಂಗ್ ಚಕ್ರವನ್ನು ತಿರುಗಿಸುತ್ತಾ ಹೋದರೆ ಏರ್‌ಬ್ಯಾಗಿನ ಸುರುಳಿ ಕೇಬಲ್ ತುಂಡಾಗುತ್ತದೆ. ಇದು ಎಷ್ಟು ಸಾಮಾನ್ಯವೆಂದರೆ, ಸಸ್ಪೆನ್ಷನ್ ಕೆಲಸಕ್ಕೆ ಹೋದ ಗಾಡಿ ಏರ್‌ಬ್ಯಾಗ್ ದೀಪ ಹೊತ್ತಿಸಿಕೊಂಡು ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಫ್ರೇಮನ್ನು ಪೂರ್ತಿ ಇಳಿಸಬೇಕೇ? ಬೇಕೆಂದಿಲ್ಲ. ಬುಷ್ ಎಳೆಯುವ ಪುಲ್ಲರ್ ಇದ್ದರೆ ಒಂದು ತುದಿಯನ್ನು 60ರಿಂದ 80 ಮಿ.ಮೀ. ಇಳಿಸಿದರೂ ಎಷ್ಟೋ ಗಾಡಿಗಳಲ್ಲಿ ಕೈ ಹೋಗುತ್ತದೆ. ಉಳಿದ ಬೋಲ್ಟುಗಳನ್ನು ಸಡಿಲಿಸಿ, ಆದರೆ ಐದಾರು ಸುತ್ತು ಹಿಡಿದೇ ಇರುವಂತೆ ಬಿಡಬೇಕು, ಕೆಳಗೆ ಟ್ರಾಲಿ ಜಾಕ್ ಇರಬೇಕು. ಅಷ್ಟು ಇಳಿಸಲೂ ಲಿಂಕ್ ರಾಡ್, ಟಾರ್ಕ್ ರಾಡ್, ಸೈಲೆನ್ಸರಿನ ಮುಂದಿನ ಹ್ಯಾಂಗರ್, ಎಬಿಎಸ್ ವೈರಿನ ಕ್ಲಿಪ್ಪುಗಳು ಬಿಚ್ಚಿರಬೇಕು. ಸ್ಟೀರಿಂಗ್ ಜಾಯಿಂಟ್ ಎಳೆತಕ್ಕೆ ಬಂದರೆ ಅದನ್ನೂ ಬಿಚ್ಚಬೇಕು. ಬ್ರೇಕ್ ಹೋಸಿನ ಮೇಲೆ ಯಾವ ಭಾರವೂ ಬೀಳಬಾರದು. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇದ್ದರೆ ಅದರ ಪೈಪುಗಳ ಮೇಲೆ ಕಣ್ಣಿಡಿ. ಎಂಜಿನ್ನನ್ನು ಮಾತ್ರ ಮೇಲಿನ ಬಾರಿಗೆ ಚೈನಿನಿಂದ ಕಟ್ಟಿಯೇ ಮುಂದುವರಿಯಬೇಕು. ಕೆಲವು ಕಾರುಗಳಲ್ಲಿ ಹಿಂದಿನ ಮೌಂಟಿಂಗ್ ಭಾರವನ್ನೂ ಹೊತ್ತಿರುತ್ತದೆ. ಆಯಿಲ್ ಚೇಂಬರಿನ ಕೆಳಗೆ ಜಾಕ್ ಕೊಟ್ಟು ಎಂಜಿನ್ ಎತ್ತುವ ಅಭ್ಯಾಸ ಚೇಂಬರನ್ನು ಚಪ್ಪಟೆ ಮಾಡಲಷ್ಟೇ ಲಾಯಕ್ಕು. ಪೂರ್ತಿ ಇಳಿಸುವುದಾದರೆ ಆರ್ಮ್, ರ‍್ಯಾಕ್ ಸೇರಿ ಇಬ್ಬರು ಹಿಡಿಯುವ ಭಾರ, ಒಬ್ಬರೇ ಕೈಹಾಕಬಾರದು. ನನ್ನ ಅಭಿಪ್ರಾಯ ಕೇಳಿದರೆ, ಕರಾವಳಿಯಲ್ಲಿ ಹತ್ತು ವರ್ಷ ಓಡಿದ ಗಾಡಿಯದ್ದಾದರೆ ಪೂರ್ತಿ ಇಳಿಸುವುದೇ ಮೇಲು. ಫ್ರೇಮಿನ ಮೇಲ್ಭಾಗ, ಅಂದರೆ ಮಣ್ಣು ಕೂತು ತುಕ್ಕು ಹಿಡಿಯುವ ಜಾಗ, ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ: ಗಟ್ಟಿ ಉಕ್ಕು ‘ಠಣ್’ ಅನ್ನುತ್ತದೆ, ಒಳಗೆ ತಿಂದುಹೋದದ್ದು ‘ದಬ್’ ಅನ್ನುತ್ತದೆ. ‘ದಬ್’ ಅಂದ ಫ್ರೇಮಿಗೆ ಹೊಸ ಬುಷ್ ಹಾಕಿ ದುಡ್ಡು ಕಳೆಯಬೇಡಿ, ಫ್ರೇಮನ್ನೇ ಬದಲಿಸಿ.

ಹಳೆಯ ಬುಷ್ ತೆಗೆಯುವ ಮೊದಲು ಅದನ್ನು ಸರಿಯಾಗಿ ನೋಡಬೇಕು. ರಬ್ಬರಿನ ನಡುವೆ ಅರ್ಧಚಂದ್ರಾಕಾರದ ಖಾಲಿ ಜಾಗ ಬಿಟ್ಟಿರುತ್ತಾರೆ. ಆ ದಿಕ್ಕಿನಲ್ಲಿ ಬುಷ್ ಮೆತ್ತಗೆ, ಅಡ್ಡ ದಿಕ್ಕಿನಲ್ಲಿ ಗಟ್ಟಿ. ಖಾಲಿ ಜಾಗ ಯಾವ ಕಡೆಗೆ ಮುಖ ಮಾಡಿದೆ ಎಂದು ಫ್ರೇಮಿನ ಮೇಲೆಯೇ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹೊಸದನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೆ ಬೋಲ್ಟು ಹಿಡಿಯುತ್ತದೆ, ಗಾಡಿ ಓಡುತ್ತದೆ, ಬ್ರೇಕ್ ಒತ್ತಿದಾಗಲಷ್ಟೇ ಮೂಗು ಅತ್ತಿತ್ತ ಅಲೆಯುತ್ತದೆ. ಬುಷ್ಷಿನ ಅಂಚು ಫ್ರೇಮಿನಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದನ್ನೂ ವರ್ನಿಯರಿನಿಂದ ಅಳೆದು ಬರೆದಿಡಿ.

ಪುಲ್ಲರ್ ಅಂದರೆ ದೊಡ್ಡ ಯಂತ್ರವೇನಲ್ಲ: ಗಟ್ಟಿ ದರ್ಜೆಯ 14 ಮಿ.ಮೀ. ಮರೆಯ ರಾಡ್, ಬುಷ್ಷಿಗಿಂತ ದೊಡ್ಡ ಬಾಯಿಯ ಒಂದು ಪೈಪು, ಹೊರತೋಳಿನ (ಬುಷ್ಷಿನ ಹೊರಗಿನ ಲೋಹದ ಕವಚದ) ಅಂಚಿಗೆ ಸರಿಯಾಗಿ ಕೂರುವ ಒಂದು ಬಿಲ್ಲೆ, ನಟ್ಟಿನ ಕೆಳಗೆ ಥ್ರಸ್ಟ್ ಬೇರಿಂಗ್. ಹಾರ್ಡ್‌ವೇರ್ ಅಂಗಡಿಯ ಸಾದಾ ರಾಡ್ ಸಾಲದು, ಬಿಗಿಯುತ್ತಿದ್ದಂತೆ ಮರೆ ಕೊಚ್ಚಿಹೋಗುತ್ತದೆ. ಕದಲದಿದ್ದರೆ ರಬ್ಬರನ್ನು ಕೊರೆದು ತೆಗೆದು, ಹೊರತೋಳನ್ನು ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಉದ್ದಕ್ಕೆ ಕೊಯ್ದರೆ ಅದು ಕುಗ್ಗಿ ಸಡಿಲವಾಗುತ್ತದೆ. ಬ್ಲೇಡು ಫ್ರೇಮಿಗೆ ತಾಗುವ ಮುಂಚೆ ನಿಲ್ಲಿಸಬೇಕು. ಬೆಂಕಿ ಹಚ್ಚಿ ರಬ್ಬರ್ ಸುಡುವ ಪದ್ಧತಿ ಬೇಗದ್ದೇನೋ ಹೌದು, ಆದರೆ ಆ ಹೊಗೆ ಶ್ವಾಸಕೋಶಕ್ಕೆ ವಿಷ, ಮೇಲಾಗಿ ಬೋರಿನ (ಫ್ರೇಮಿನಲ್ಲಿ ಬುಷ್ ಕೂರುವ ರಂಧ್ರದ) ಸುತ್ತಲಿನ ಬಣ್ಣ ಸುಟ್ಟು ಮರು ಮಳೆಗಾಲಕ್ಕೇ ತುಕ್ಕು ಶುರುವಾಗುತ್ತದೆ.

ಬೋರನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಒರೆಸಿ. ಒಳಗೆ ದಪ್ಪ ಪೇಂಟ್ ಬಳಿಯಬೇಡಿ, ಬುಷ್ ಕೂರುವುದೇ ಇಲ್ಲ. ಹೊಸ ಬುಷ್ಷಿಗೆ ಸೋಪಿನ ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ಎರಡೂ ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಒತ್ತುವಾಗ ಬಲ ಹೊರತೋಳಿನ ಅಂಚಿನ ಮೇಲೆ ಮಾತ್ರ ಬೀಳಬೇಕು. ಒಳಗಿನ ತೋಳಿನ ಮೇಲೆ ಒತ್ತಿದರೆ ರಬ್ಬರಿಗೂ ಲೋಹಕ್ಕೂ ಇರುವ ಬೆಸುಗೆ ಅಲ್ಲೇ ಬಿಡುತ್ತದೆ, ಹೊಸ ಬುಷ್ ಹಾಕುವ ಮೊದಲೇ ಹಳೆಯದಾಯಿತು. ಮೊದಲ ಕೆಲವು ಮಿ.ಮೀ. ನೇರವಾಗಿ ಹೋಗುತ್ತಿದೆಯೇ ನೋಡಿ, ಓರೆಯಾದರೆ ಹಿಂದೆಗೆದು ಮತ್ತೆ ಶುರುಮಾಡಿ. ಬುಷ್ ಕೈಯಲ್ಲೇ ಒಳಗೆ ಹೋಗುವಷ್ಟು ಬೋರ್ ಸಡಿಲವಾಗಿದ್ದರೆ ಫ್ರೇಮ್ ಮುಗಿದಿದೆ. ‘ಎರಡು ಕಡೆ ವೆಲ್ಡಿಂಗ್ ಟಾಕಾ ಹಾಕಿಬಿಡುವಾ’ ಅಂದರೆ ಒಪ್ಪಬೇಡಿ, ಆ ಬಿಸಿಗೆ ರಬ್ಬರ್ ಒಳಗಿಂದಲೇ ಸುಡುತ್ತದೆ.

ಜೋಡಿಸುವಾಗ ಬಾಡಿಯ ನಟ್ಟುಗಳ ಮರೆಯನ್ನು ಸರಿಯಳತೆಯ ಟ್ಯಾಪ್ ಹಾಯಿಸಿ ಶುಚಿ ಮಾಡಿ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಐದಾರು ಸುತ್ತು ಹಿಡಿಸಿ, ಆಮೇಲೆ ಗೆರೆಗೋ ಪಿನ್ನಿಗೋ ಸರಿಹೊಂದಿಸಿ, ಆಮೇಲೆ ಅಡ್ಡಡ್ಡ ಕ್ರಮದಲ್ಲಿ ಎರಡು ಹಂತದಲ್ಲಿ ಬಿಗಿಯಬೇಕು. ಮ್ಯಾನ್ಯುಯಲ್ ಹೇಳದ ಹೊರತು ಮರೆಗೆ ಗ್ರೀಸ್ ಹಚ್ಚಬಾರದು. ಟಾರ್ಕಿನ ಅಂಕಿ ಒಣ ಮರೆಯ ಲೆಕ್ಕದ್ದು, ಜಿಡ್ಡು ಇದ್ದರೆ ಅದೇ ಅಂಕಿಗೆ ಬೋಲ್ಟು ಮಿತಿಮೀರಿ ಎಳೆಯಲ್ಪಡುತ್ತದೆ. ತುಕ್ಕಿನ ಭಯವಿದ್ದರೆ ಬಿಗಿದ ಮೇಲೆ ತಲೆಗೂ ಹೊರಬಂದ ತುದಿಗೂ ಮೇಣದ ಸ್ಪ್ರೇ ಹೊಡೆಯಿರಿ. ಬಟ್ಟಲು ವಾಷರಿನ ಬಾಯಿ ಹಳೆಯದು ಇದ್ದ ಕಡೆಗೇ ಇರಲಿ, ತಲೆಕೆಳಗಾದರೆ ರಬ್ಬರಿಗೆ ತಡೆಯೇ ಸಿಗದೆ ಹಳೆಯ ಶಬ್ದ ಹೊಸ ಬುಷ್ಷಿನಲ್ಲೂ ಬರುತ್ತದೆ.

ಇನ್ನು ನಿಮ್ಮ ಹೊಸ ಲೋವರ್ ಆರ್ಮಿನ ಮಾತು. ಆರ್ಮಿನ ಬುಷ್ ಬೇರಿಂಗಿನಂತೆ ಜಾರಿ ತಿರುಗುವುದಿಲ್ಲ, ರಬ್ಬರ್ ತಿರುಚಿಕೊಂಡು ತಿರುಗುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಅದರ ಬೋಲ್ಟು ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಹಿಂಡಿದ ಒದ್ದೆ ಬಟ್ಟೆಯಂತೆ ಸದಾ ತಿರುಚಿಕೊಂಡೇ ಇರುತ್ತದೆ. ವರ್ಷಗಟ್ಟಲೆ ಬಾಳಬೇಕಾದದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಡೂಪ್ಲಿಕೇಟ್ ಸಾಮಾನು’ ಎಂದು ಬೈಸಿಕೊಳ್ಳುವ ಎಷ್ಟೋ ಆರ್ಮುಗಳ ನಿಜವಾದ ರೋಗ ಇದು. ಈಗ ಹೇಗೂ ಫ್ರೇಮ್ ಕೆಲಸವಾಗುವುದರಿಂದ ಆರ್ಮಿನ ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ಚಕ್ರದ ಮೇಲೆ ಪಿಟ್ಟಿನಲ್ಲಿ ನಿಲ್ಲಿಸಿ, ಮುಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಟ್ಟು ಬಿಗಿಯಿಸಿ. ಪಿಟ್ ಇಲ್ಲವಾದರೆ ಬಾಲ್ ಜಾಯಿಂಟಿನ ಕೆಳಗೆ ಜಾಕ್ ಕೊಟ್ಟು, ಮೊದಲು ಬರೆದಿಟ್ಟ ಕಮಾನಿನ ಅಳತೆ ಬರುವವರೆಗೆ ಎತ್ತಿ ಬಿಗಿಯಬೇಕು. ಫ್ರೇಮಿನ ನೆಟ್ಟಗಿನ ಬೋಲ್ಟುಗಳಿಗೆ ಈ ನಿಯಮ ಇಲ್ಲ, ಅಲ್ಲಿ ಏನೂ ತಿರುಗುವುದಿಲ್ಲ, ಗಾಡಿ ಎತ್ತರದಲ್ಲಿರುವಾಗಲೇ ಬಿಗಿಯಬಹುದು. ಈ ವ್ಯತ್ಯಾಸ ಗೊತ್ತಿರುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಕೆಲಸ ಮುಗಿದ ಮೇಲೆ ಐಡಲಿನಲ್ಲಿ ಮೊದಲಿಗಿಂತ ಹೆಚ್ಚು ನಡುಕ ಬಂದರೆ ಗಾಬರಿ ಬೇಡ. ಟಾರ್ಕ್ ರಾಡ್ ಎಳೆತದಲ್ಲಿ ಕೂತಿದೆ ಅಷ್ಟೇ. ಅದರ ಬೋಲ್ಟು ಸಡಿಲಿಸಿ, ಎಂಜಿನ್ ಒಮ್ಮೆ ಚಾಲೂ ಮಾಡಿ ಆರಿಸಿ, ತನ್ನ ಜಾಗಕ್ಕೆ ಕೂತ ಮೇಲೆ ಬಿಗಿದರೆ ಹೋಗುತ್ತದೆ. ವೀಲ್ ಅಲೈನ್‌ಮೆಂಟ್ ಕಡ್ಡಾಯ, ಅದೂ ಬರೀ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅಲ್ಲ, ಕ್ಯಾಂಬರ್ ಮತ್ತು ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅಂಕಿ ಇರುವ ಪ್ರಿಂಟ್ ಕೇಳಿ. ಎಡದ ಕ್ಯಾಂಬರ್ ಹೆಚ್ಚು, ಬಲದ್ದು ಅಷ್ಟೇ ಕಡಿಮೆ ಬಂದರೆ ಫ್ರೇಮ್ ಪಕ್ಕಕ್ಕೆ ಜಾರಿ ಕೂತಿದೆ ಎಂದರ್ಥ. ಅದನ್ನು ಟೈ ರಾಡ್ ತಿರುಗಿಸಿ ಮುಚ್ಚಿಹಾಕಬಾರದು, ಫ್ರೇಮ್ ಸಡಿಲಿಸಿ ಸರಿಪಡಿಸಬೇಕು. ಮೊದಲ ಪರೀಕ್ಷೆ ಸಮತಟ್ಟಿನಲ್ಲಿ, 20-30 ಕಿ.ಮೀ. ವೇಗದಲ್ಲಿ ಮುಂದೆ ಹೋಗಿ, ನಿಧಾನಕ್ಕೆ ಹಿಂದೆ ಬಂದು ಬ್ರೇಕ್ ಹಾಕಿ. ಘಟ್ಟ ಮರುದಿನಕ್ಕಿರಲಿ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಫ್ರೇಮಿಗೆ ಅಡ್ಡಲಾಗಿ ಬಣ್ಣದ ಗೆರೆ ಎಳೆಸಿಕೊಳ್ಳಿ. 500 ಕಿ.ಮೀ. ಆದ ಮೇಲೆ ಗೆರೆ ಮುರಿದಿಲ್ಲ ಎಂದು ನೋಡಿದರೆ ಸಾಕು. ಡಿಗ್ರಿ ಲೆಕ್ಕದ ಬೋಲ್ಟನ್ನು ‘ಇನ್ನೊಂದು ಕೈ ಬಿಗಿಯುವಾ’ ಎಂದು ಮುಟ್ಟಬಾರದು.

ಮಳೆಗಾಲಕ್ಕೆ ಮೊದಲು ಗಾಡಿಯ ಅಡಿಗೆ ಸುಟ್ಟ ಎಂಜಿನ್ ಆಯಿಲ್ ಅಥವಾ ಡೀಸೆಲ್ ಹೊಡೆಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ತಗಡಿಗೆ ಅದರಿಂದ ಒಂದಿಷ್ಟು ರಕ್ಷೆ ಸಿಗಬಹುದು, ಆದರೆ ಬುಷ್, ಬಾಲ್ ಜಾಯಿಂಟಿನ ಬೂಟು, ಸ್ಟೆಬಿಲೈಸರ್ ರಬ್ಬರ್ ಎಲ್ಲವನ್ನೂ ಅದು ತಿನ್ನುತ್ತದೆ. ನಿಮ್ಮ ಹಳೆಯ ಬುಷ್ ಬೆರಳಿಗೆ ಅಂಟುವಷ್ಟು ಮೆತ್ತಗಾಗಿ ಉಬ್ಬಿದ್ದರೆ ಕಾರಣ ಬಹುಮಟ್ಟಿಗೆ ಅದೇ. ಅದರ ಬದಲು ಫ್ರೇಮಿನ ಪೆಟ್ಟಿಗೆಯೊಳಗೆ ಮೇಣದ ಸ್ಪ್ರೇ, ಹೊರಗೆ ರಬ್ಬರ್ ಮುಚ್ಚಿಕೊಂಡು ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ. ಫ್ರೇಮಿನ ಕೆಳಗೆ ನೀರು ಇಳಿಯುವ ರಂಧ್ರಗಳಲ್ಲಿ ಕೆಮ್ಮಣ್ಣು ಗಟ್ಟಿಯಾಗಿರುತ್ತದೆ, ಅಕ್ಟೋಬರಿನಲ್ಲಿ ತಂತಿ ಹಾಕಿ ಬಿಡಿಸಿ, ಸಿಹಿನೀರಿನಿಂದ ತೊಳೆಸಿ. ಕುಮಟೆ ಕಡೆ ಸಮುದ್ರದ ದಂಡೆಯವರೆಗೂ ಗಾಡಿ ಒಯ್ಯುವ ಅಭ್ಯಾಸವಿದ್ದರೆ ಅಡಿಭಾಗವನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಯಬೇಕು.